ಟೀಚರ್ ದನಿಯ ಪ್ಯಾಕೇಜು

ಟೀಚರ ಗಂಡ ಆ ಮಷೀನನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಕಾಲ ಹತ್ತಿರ ನಿಲ್ಲಿಸಿಕೊಂಡು ಇಟ್ಟಮಡುವಿನಿಂದ ಜಯನಗರದ ನಮ್ಮ ಕೇಂದ್ರದವರೆಗೆ ತಂದಿದ್ದರು. ಮೇಜಿನ ಮೇಲಿಟ್ಟು ಬಟ್ಟೆ ಬಿಚ್ಚಿದಾಗ ಪರದೆ ಕಪ್ಪಗಿತ್ತು. ಬಟನ್ ಒತ್ತಿದರೆ ಒಳಗಿನ ಫ್ಯಾನು ಒಮ್ಮೆ ಗುರ್ ಎಂದು ತಿರುಗಿ ನಿಂತುಬಿಡುತ್ತಿತ್ತು.

“ನಿನ್ನೆ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡ್ತು ಮೇಡಂ. ಒಂದ್ಸಲ ಲೈಟೆಲ್ಲ ಜೋರಾಗಿ ಉರೀತು. ಆಮೇಲಿಂದ ಹಿಂಗೆ,” ಎಂದರು. ಆಮೇಲೆ ಬೆಡ್‌ಶೀಟು ಮಡಿಸುತ್ತ, “ನಿನ್ನೆಯಿಂದ ಅವಳು ಮಾತಾಡಿಲ್ಲ,” ಎಂದರು.

ಮಾತಾಡಲಾಗದವರಿಗೆ ಮಾತಾಡುವ ಯಂತ್ರಗಳನ್ನು ಹೊಂದಿಸಿಕೊಡುವ ವಿಭಾಗದಲ್ಲಿ ನಾನು ಟೆಕ್ನಿಷಿಯನ್. ಅವರ ಹೆಂಡತಿ ಬನಶಂಕರಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು. ಅವರಿಗೆ ಬಂದಿದ್ದು ಸ್ನಾಯುಗಳು ಒಂದೊಂದಾಗಿ ಸೋಲುತ್ತ ಹೋಗುವ ಕಾಯಿಲೆ, ಅದು ವಾಸಿಯಾಗುವಂಥದ್ದಲ್ಲ. ಮೊದಲು ಕೈ ಹೋಯಿತು, ಆಮೇಲೆ ಕಾಲು, ಆಮೇಲೆ ನಾಲಿಗೆ. ಕಡೆಗೆ ಕಣ್ಣೊಂದು ಉಳಿದಿತ್ತು. ಪರದೆ ಮೇಲಿನ ಅಕ್ಷರಗಳನ್ನು ಅವರು ನೋಡಿದರೆ ಕೆಳಗಿನ ಕ್ಯಾಮೆರಾ ಕಣ್ಣಿನ ಚಲನೆ ಹಿಡಿದು ಪದ ಕೂಡಿಸುತ್ತಿತ್ತು, ಸ್ಪೀಕರು ಅದನ್ನು ಓದುತ್ತಿತ್ತು.

ಓದುತ್ತಿದ್ದದ್ದು ಅವರದೇ ದನಿಯಲ್ಲಿ. ನಾಲಿಗೆ ತೊದಲುವ ಮುಂಚೆ ಅವರು ಬಿಟಿಎಂ ಲೇಔಟಿನ ಒಂದು ಸಣ್ಣ ಕಂಪನಿಯ ರೆಕಾರ್ಡಿಂಗ್ ರೂಮಿನಲ್ಲಿ ವಾರಗಟ್ಟಲೆ ಕೂತು ವಾಕ್ಯ ಓದಿ ಬಂದಿದ್ದರು. ಅದನ್ನು ಚೂರು ಚೂರಾಗಿ ಕತ್ತರಿಸಿ, ಯಾವ ಪದ ಬೇಕಾದರೂ ಜೋಡಿಸಿ ಹೇಳುವ ಹಾಗೆ ಆ ಕಂಪನಿ ಒಂದು ದನಿಯ ಪ್ಯಾಕೇಜು ಮಾಡಿಕೊಟ್ಟಿತ್ತು. ಮೈದಾನದ ಆ ತುದಿಯ ಮಕ್ಕಳನ್ನು ಮೈಕಿಲ್ಲದೆ ಕರೆಯುತ್ತಿದ್ದ ಗಂಟಲು ಅದು. ಸ್ಪೀಕರಿನಲ್ಲಿ ಸಣ್ಣದಾಗಿ ಬಂದರೂ ಆ ಗತ್ತು ಹಾಗೇ ಇತ್ತು. ಕಂಪನಿ ಮಾತ್ರ ಅಷ್ಟರಲ್ಲಿ ಮುಚ್ಚಿಹೋಗಿತ್ತು.

ಮಷೀನು ಬಿಚ್ಚಿದೆ. ಡಿಸ್ಕು ಸತ್ತಿತ್ತು. ಡೇಟಾ ರಿಕವರಿ ಮಾಡುವ ಪರಿಚಯದವರೊಬ್ಬರಿಗೆ ಕಳಿಸಿದೆ. ಚಿಪ್ಪೇ ಸುಟ್ಟಿದೆ, ಇದರಿಂದ ಏನೂ ಬರೋದಿಲ್ಲ ಎಂದು ಅವರು ಅವತ್ತೇ ವಾಪಸ್ ಕಳಿಸಿದರು. ನನಗೆ ಗಾಬರಿಯಾಗಲಿಲ್ಲ. ನಮ್ಮಲ್ಲಿ ಅದೇ ಮಾದರಿಯ ಒಂದು ಸ್ಪೇರ್ ಮಷೀನು ಇತ್ತು. ಟೀಚರ ಮಷೀನಿನ ಬ್ಯಾಕಪ್ಪು ತಿಂಗಳಿಗೊಮ್ಮೆ ನಮ್ಮ ಸರ್ವರಿಗೆ ಬರುತ್ತಿತ್ತು.

ಆ ಬ್ಯಾಕಪ್ ಟೂಲಿಗೆ ಒತ್ತುವ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಆದೇಶ ಟೈಪ್ ಮಾಡಬೇಕು, ಅದು ಒಂದು ಸಾಲು ಉತ್ತರ ಕೊಡುತ್ತದೆ. ಮೊದಲು ಬ್ಯಾಕಪ್ ಫೈಲಿನೊಳಗೆ ಏನೇನಿದೆ ಎಂದು ಕೇಳಿದೆ. ಕ್ಯಾಮೆರಾದ ಪ್ಯಾಕೇಜು, ಅಕ್ಷರ ಜೋಡಿಸುವ ಪ್ಯಾಕೇಜು, ಅಕ್ಷರವನ್ನು ಉಚ್ಚಾರಣೆಗೆ ತಿರುಗಿಸುವ ಎಂಜಿನ್ನು, ಕಡೆಗೆ ಟೀಚರ ಹೆಸರಿನ ದನಿಯ ಪ್ಯಾಕೇಜು. ಎಲ್ಲ ಇದ್ದವು. ಫೈಲು ಕೆಟ್ಟಿದೆಯೇ ಎಂದು ಪರೀಕ್ಷಿಸಲು ಹೇಳಿದೆ, ಸರಿಯಾಗಿದೆ ಎಂದಿತು. ಆಮೇಲೆ ಒಂದೊಂದನ್ನೇ ಕ್ರಮವಾಗಿ ಸ್ಪೇರಿನಲ್ಲಿ ಕೂರಿಸಿದೆ. ಒಂದು ಇನ್ನೊಂದರ ಮೇಲೆ ನಿಂತಿರುವುದರಿಂದ ಕ್ರಮ ತಪ್ಪಿದರೆ ಟೂಲು ಒಪ್ಪುವುದಿಲ್ಲ. ಎಲ್ಲೂ ತಕರಾರಿಲ್ಲದೆ ಮುಗಿಯಿತು.

“ನಮಸ್ಕಾರ” ಎಂದು ಟೈಪ್ ಮಾಡಿ ಓದಿಸಿದೆ. ಸ್ಪೀಕರಿನಿಂದ ಯಾರೋ ಬೇರೆ ಹೆಂಗಸು ನಮಸ್ಕಾರ ಎಂದಳು.

ಎಂಜಿನ್ನಿನ ಜೊತೆ ಬರುವ ಮಾಮೂಲಿ ದನಿ ಅದು. ಟೀಚರ ದನಿ ಸಿಗದಿದ್ದರೆ ಎಂಜಿನ್ನು ತಾನಾಗಿ ಅದಕ್ಕೆ ಇಳಿಯುತ್ತದೆ. ದನಿಯ ಫೋಲ್ಡರ್ ತೆರೆದು ನೋಡಿದೆ. ಒಳಗೆ ಸದ್ದಿನ ಒಂದು ಚೂರೂ ಇರಲಿಲ್ಲ. ಬರೀ ಒಂದು ಸೂಚನೆ ಇತ್ತು: ದನಿ ಇರುವುದು ಡಿಸ್ಕಿನ ಇನ್ನೊಂದು ಭಾಗದಲ್ಲಿ, ಅಲ್ಲಿ ಹೋಗಿ ನೋಡು ಎಂದು. ಫೈಲುಗಳು ದೊಡ್ಡವೆಂದು ಕಂಪನಿಯವರು ಅವನ್ನು ಡಿಸ್ಕಿನ ಬೇರೆ ಭಾಗದಲ್ಲಿಟ್ಟಿದ್ದರು. ಅವರೇ ಹೊಂದಿಸಿಕೊಟ್ಟಿದ್ದ ಬ್ಯಾಕಪ್ಪಿಗೆ ಆ ಭಾಗಕ್ಕೆ ದಾಟಬೇಡ ಎಂಬ ನಿಯಮವಿತ್ತು. ಹಾಗಾಗಿ ತಿಂಗಳು ತಿಂಗಳೂ ಬರುತ್ತಿದ್ದದ್ದು ಮನೆಯ ವಿಳಾಸ, ಮನೆಯಲ್ಲ. ಫೈಲು ಸರಿಯಾಗಿದೆ ಎಂದು ಟೂಲು ಹೇಳಿದ್ದೂ ಸುಳ್ಳಲ್ಲ. ವಿಳಾಸವನ್ನು ಅದು ಜೋಪಾನವಾಗಿಯೇ ಇಟ್ಟಿತ್ತು. ಹಿಂದಿನ ತಿಂಗಳುಗಳ ಬ್ಯಾಕಪ್ಪುಗಳನ್ನೂ ಒಂದೊಂದಾಗಿ ತೆರೆದೆ. ಎಲ್ಲದರಲ್ಲೂ ಅದೇ ವಿಳಾಸ.

ಟೀಚರ ಗಂಡನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೆ ಕುಮಾರಸ್ವಾಮಿ ಲೇಔಟಿನಲ್ಲಿ ಪೇಂಟಿನ ಅಂಗಡಿ. ಹಿಂದೆ ಡಬ್ಬ ಕಲಕುವ ಮಷೀನಿನ ಸದ್ದು ಕೇಳುತ್ತಿತ್ತು.

“ಬೇರೆ ದನಿ ಹಾಕ್ಕೊಟ್ರೆ ಇವತ್ತೇ ಮಾತಾಡಬಹುದು. ತಂದುಕೊಡ್ಲಾ?” ಎಂದೆ.

“ಬೇಡ ಮೇಡಂ, ಆ ದನಿ ತರಬೇಡಿ. ಅವಳದ್ದೇ ಹುಡುಕಿ. ಎಷ್ಟು ಕಷ್ಟಪಟ್ಟು ಓದಿದಾಳೆ ಅದನ್ನ.”

“ಟೀಚರನ್ನ ಒಂದು ಮಾತು ಕೇಳಿ.”

ರಾತ್ರಿ ಅವರೇ ಫೋನ್ ಮಾಡಿದರು. “ಕೇಳ್ದೆ. ಅವಳೂ ಹಂಗೇ ಅಂದ್ಲು.”

ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಇಲ್ಲ. ಮಷೀನಿಲ್ಲದಾಗ ಟೀಚರಿಗೆ ಇದ್ದ ಭಾಷೆ ಅಷ್ಟೇ. ಅಷ್ಟರಲ್ಲಿ ಹೇಳಿದ್ದಾರೆ ಅಂದುಕೊಂಡು ನಾನು ಒಪ್ಪಿದೆ.

ಮುಚ್ಚಿದ ಕಂಪನಿಯಲ್ಲಿ ದನಿ ಕಟ್ಟಿದ ಎಂಜಿನಿಯರ್ ಈಗ ಬೇರೆ ಕಡೆ ಕೆಲಸದಲ್ಲಿದ್ದ. ಅವನ ನಂಬರು ಹುಡುಕಿ ಹಿಡಿಯಲು ಸ್ವಲ್ಪ ಸಮಯ ಹಿಡಿಯಿತು. “ಕಂಪನಿ ಮುಚ್ಚೋವಾಗ, ದನಿ ಕಟ್ತಿದ್ದ ಬಿಲ್ಡ್ ಸರ್ವರ್‌ದು ಒಂದು ಬ್ಯಾಕಪ್ ತೆಗ್ದಿದ್ದೆ ಮೇಡಂ. ಮನೇಲಿ ಎಲ್ಲೋ ಅಟ್ಟದ ಮೇಲಿರಬೇಕು. ಊರಿಗೆ ಬಂದಿದೀನಿ, ವಾಪಸ್ ಬಂದ್ಮೇಲೆ ಹುಡುಕ್ತೀನಿ,” ಎಂದ. ಅವನು ಬರುವವರೆಗೆ ಮಾಡುವಂಥದ್ದು ಏನೂ ಇರಲಿಲ್ಲ. ಮೊದಲು ಮಷೀನು ಕೊಟ್ಟಾಗ ಜೊತೆಗೊಂದು ಡಿವಿಡಿ ಕೊಟ್ಟಿರಬಹುದು, ಮನೆಯಲ್ಲಿ ಎಲ್ಲಾದರೂ ಬಿದ್ದಿದೆಯೇ ನೋಡೋಣ ಎಂದುಕೊಂಡು ಇಟ್ಟಮಡುವಿಗೆ ಹೊರಟೆ.

ಮಧ್ಯಾಹ್ನದ ಹೊತ್ತು. ಗಂಡ ಅಂಗಡಿಯಲ್ಲಿದ್ದರು. ಟೀಚರನ್ನು ನೋಡಿಕೊಳ್ಳುವ ಅಕ್ಕ ಬಾಗಿಲು ತೆಗೆದರು. ಡಿವಿಡಿ ಸಿಗಲಿಲ್ಲ. ಟೀಚರು ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೊರಗಿದ್ದರು. ಮುಖದ ಮೇಲೆ ಉಸಿರಿನ ಮಾಸ್ಕು. ಹಣೆಯ ಮೇಲೆ ಯಾರೋ ವಿಭೂತಿ ಇಟ್ಟಿದ್ದರು. ಅದರಲ್ಲಿ ಅರ್ಧ ಮಾಸ್ಕಿನ ಪಟ್ಟಿಗೆ ಹತ್ತಿತ್ತು. ನನ್ನನ್ನು ನೋಡಿದ ತಕ್ಷಣ ಅವರ ಕಣ್ಣು ನನ್ನ ಕೈಗೆ ಹೋಯಿತು. ಕೈ ಖಾಲಿಯಿತ್ತು.

ನನ್ನ ಬ್ಯಾಗಿನಲ್ಲಿ ಅಕ್ಷರದ ಹಲಗೆ ಯಾವಾಗಲೂ ಇರುತ್ತದೆ. ಗಾಜಿನಂಥ ಪ್ಲಾಸ್ಟಿಕ್ಕಿನ ಹಾಳೆ, ಅದರ ಮೇಲೆ ಗುಂಪು ಗುಂಪಾಗಿ ಅಕ್ಷರ. ಅದನ್ನು ನಮ್ಮಿಬ್ಬರ ಮುಖದ ನಡುವೆ ಹಿಡಿದರೆ ಅವರು ನೋಡುವ ಅಕ್ಷರ ಆಚೆಯಿಂದ ನನಗೆ ಗೊತ್ತಾಗುತ್ತದೆ. ನಾನು ಜೋರಾಗಿ ಹೇಳಬೇಕು, ಅವರು ಹೌದೆಂದು ಕಣ್ಣೆತ್ತಬೇಕು. ನಿಧಾನದ ಕೆಲಸ. ಮನೆಯವರಿಗೆ ಕಲಿಸಿದ್ದೆವು, ಆದರೆ ಮಷೀನು ಬಂದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಟೀಚರು ಅಕ್ಷರ ಅಕ್ಷರವಾಗಿ ಕೇಳಿದರು: ಯಾಕೆ ತರಲಿಲ್ಲ.

“ನಿಮ್ಮ ದನಿ ಇನ್ನೂ ಸಿಕ್ಕಿಲ್ಲ ಟೀಚರ್. ಬೇರೆ ದನಿ ಬೇಡ ಅಂದ್ರಂತಲ್ಲ ನೀವು?”

ಅವರು ಕಣ್ಣು ಮುಚ್ಚಿದರು. ಮುಚ್ಚಿದ್ದಲ್ಲ, ಬಿಗಿದರು. ತೆರೆದು ಮತ್ತೆ ಹಲಗೆ ನೋಡಿದರು: ಕೇಳಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು: “ಮೊನ್ನೆ ಡಾಕ್ಟ್ರು ಬಂದಿದ್ರು ಮೇಡಂ. ಈ ಮಾಸ್ಕು ಇನ್ನು ಜಾಸ್ತಿ ದಿನ ಸಾಕಾಗಲ್ವಂತೆ. ಗಂಟ್ಲಿಗೆ ತೂತು ಮಾಡಿ ಪೈಪ್ ಹಾಕಿ, ದೊಡ್ಡ ಮಷೀನ್ ಇಡಬೇಕಂತೆ. ಸಾರ್ ಡಾಕ್ಟ್ರಿಗೆ, ಅವಳು ಒಪ್ಕೊಂಡಿದಾಳೆ ಅಂದ್ರು.”

ನಾನು ಟೀಚರ ಕಡೆ ತಿರುಗಿದೆ. “ಒಪ್ಕೊಂಡ್ರಾ?”

ಕಣ್ಣು ಮತ್ತೆ ಬಿಗಿಯಾಯಿತು. ಆಮೇಲೆ ಹಲಗೆಯ ಮೇಲೆ ಒಂದು ವಾಕ್ಯ. ಅದನ್ನು ಜೋಡಿಸಲು ಇಬ್ಬರಿಗೂ ಬಹಳ ಹೊತ್ತು ಹಿಡಿಯಿತು. ನಡುವೆ ಅವರಿಗೆ ಸುಸ್ತಾಗಿ ನಿಲ್ಲಿಸಬೇಕಾಯಿತು.

ಯಾವ ದನಿಯಾದರೂ ಸರಿ. ಬೇಗ ಕೊಡು.

ನನ್ನನ್ನು ಅವರು ಮೊದಲಿಂದ ನೀನು ಎಂದೇ ಮಾತಾಡಿಸುತ್ತಿದ್ದರು, ಶಾಲೆಯ ಹುಡುಗಿಯನ್ನು ಮಾತಾಡಿಸಿದ ಹಾಗೆ. ಆಟೋ ಹಿಡಿದು ವಾಪಸ್ ಜಯನಗರಕ್ಕೆ ಬಂದೆ. ಸ್ಪೇರ್ ಮಷೀನು ಹೊರಗೆ ತೆಗೆದುಕೊಂಡು ಹೋಗಲು ನಮ್ಮ ಮುಖ್ಯಸ್ಥರ ಒಪ್ಪಿಗೆ ಬೇಕು.

“ಮನೆಯವರು ಬೇಡ ಅಂದಿದ್ದಾರೆ ಅಂದ್ರಲ್ಲ ನೀವು?” ಎಂದರು.

“ಟೀಚರು ಬೇಕು ಅಂದಿದ್ದಾರೆ ಸಾರ್.”

“ಮಾತಾಡಬೇಕಾದವರು ಯಾರು? ಟೀಚರು ತಾನೆ? ತಗೊಂಡ್ಹೋಗಿ,” ಎಂದರು.

ಸಂಜೆಯೊಳಗೆ ಕ್ಯಾಮೆರಾ ಅವರ ಕಣ್ಣಿಗೆ ಹೊಂದಿಸಿ ಮುಗಿಸಿದೆ. ಟೀಚರು ಮೊದಲು ಕೇಳಿದ್ದು ಮಾಸ್ಕಿನ ಪಟ್ಟಿ ಕಿವಿಯ ಹಿಂದೆ ಕೊರೆಯುತ್ತಿದೆ, ಸರಿಮಾಡು ಎಂದು. ಅಕ್ಕ ಪಟ್ಟಿ ಸರಿಸಿ ನೋಡಿದರು. ಅಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಇಷ್ಟು ದಿನವೂ ಅದು ಕೊರೆಯುತ್ತಿತ್ತು. “ನಂಗೆ ಗೊತ್ತಾಗ್ಲಿಲ್ವಲ್ಲವ್ವ,” ಎಂದು ಅಕ್ಕ ಅಳಲು ಶುರು ಮಾಡಿದರು. “ಅಳಬೇಡ, ಹತ್ತಿ ಇಡು,” ಎಂದಿತು ಮಷೀನು, ಆ ಬೇರೆ ಹೆಂಗಸಿನ ದನಿಯಲ್ಲಿ.

ಗಂಡ ಅಂಗಡಿಯಿಂದ ಬಂದಾಗ ನಾನು ಇನ್ನೂ ಅಲ್ಲೇ ಇದ್ದೆ. ಮಷೀನು ನೋಡಿ ಬಾಗಿಲಲ್ಲೇ ನಿಂತರು. ಟೀಚರು ಮೊದಲೇ ಟೈಪ್ ಮಾಡಿ ಇಟ್ಟುಕೊಂಡಿದ್ದನ್ನು ಓದಿಸಿದರು.

“ನನಗೆ ಪೈಪು ಬೇಡ. ಆಸ್ಪತ್ರೆಯೂ ಬೇಡ. ಮನೆಯಲ್ಲೇ ಇರುತ್ತೇನೆ.”

“ಇದ್ಯಾರು ಮಾತಾಡ್ತಿರೋದು?” ಎಂದು ಅವರು ನನ್ನನ್ನು ಕೇಳಿದರು.

“ಟೀಚರೇ ಸಾರ್. ದನಿ ಮಾತ್ರ ಬೇರೆ.”

“ಇದು ಬ್ಯಾಂಕಿನ ಫೋನಲ್ಲಿ ಬರೋ ಹೆಂಗಸು ಮೇಡಂ. ಒಂದು ಒತ್ತಿ ಎರಡು ಒತ್ತಿ ಅಂತಾಳಲ್ಲ, ಅವಳು. ನನ್ನ ಹೆಂಡ್ತಿ ಅಲ್ಲ.” ಚಪ್ಪಲಿ ಬಿಟ್ಟು ಒಳಗೆ ಬಂದರು. “ಎರಡಕ್ಷರ ನೋಡಿದ್ರೆ ಮಿಕ್ಕಿದ್ದನ್ನ ಅದೇ ತುಂಬುತ್ತೆ ಅಂತ ನೀವೇ ಹೇಳಿದ್ರಿ. ಬೇಕು ಅನ್ನೋಕೂ ಬೇ, ಬೇಡ ಅನ್ನೋಕೂ ಬೇ. ಬೇಕು ಅಂತ ಹೊಡೆಯಕ್ಕೆ ಹೋಗಿರ್ತಾಳೆ, ಅದು ಬೇಡ ಅಂತ ತಗೊಂಡಿರುತ್ತೆ.”

ಪದವನ್ನು ತಾನೇ ಪೂರ್ತಿಮಾಡುವ ಆ ಸೌಕರ್ಯವನ್ನು ನಾನು ಅಲ್ಲೇ ಆಫ್ ಮಾಡಿದೆ. ಟೀಚರು ಒಂದೊಂದೇ ಅಕ್ಷರ ನೋಡಿ ಮತ್ತೆ ಕೂಡಿಸಿದರು. ಪರದೆ ಅವರ ಗಂಡನಿಗೂ ಕಾಣುತ್ತಿತ್ತು. ಬೇ ಬಂತು. ಕಣ್ಣು ಪಕ್ಕಕ್ಕೆ ಸರಿದು ಡ ಅಕ್ಷರದ ಮೇಲೆ ನಿಂತಿತು. ಮಷೀನು ಮತ್ತೆ ಬೇಡ ಎಂದಿತು.

ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸ್ಕೂಟರ್ ಸ್ಟಾರ್ಟಾಗಿ ಹೋದ ಸದ್ದು ಕೇಳಿತು.

ಮರುದಿನ ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. “ಆಕೆ ಹೇಳಿದ್ದೇ ಆಕೆ ಮಾತು, ಯಾವ ದನಿಯಲ್ಲಿ ಹೇಳಿದರೇನು. ನಾನು ಅದನ್ನೇ ನಡೆಸ್ತೀನಿ. ಆದರೆ ಒಂದು ವಿಷಯ ತಿಳ್ಕೊಳ್ಳಿ. ಉಸಿರು ಸಿಕ್ಕಿಕೊಂಡಾಗ ಪಕ್ಕದಲ್ಲಿರೋದು ನಾನಲ್ಲ, ಅವರ ಗಂಡ. ಅವರು ಒಪ್ಪದೇ ಇದ್ದರೆ ಆ ಹೊತ್ತಲ್ಲಿ ಆಂಬುಲೆನ್ಸ್ ಕರೀತಾರೆ, ಯಾವುದೋ ಆಸ್ಪತ್ರೆಗೆ ಒಯ್ತಾರೆ. ಅಲ್ಲಿ ಯಾರೂ ಕೇಳೋದಿಲ್ಲ, ಪೈಪ್ ಹಾಕೇ ಬಿಡ್ತಾರೆ. ಅವರಿಗೆ ಅರ್ಥ ಆಗಬೇಕು. ಬೇಗ ಆಗಬೇಕು.”

ಎಂಜಿನಿಯರ್ ಊರಿಂದ ಬಂದ ದಿನವೇ ಬಿಟಿಎಂ ಲೇಔಟಿನ ಅವನ ಮನೆಗೆ ಹೋದೆ. ಸ್ಟೂಲ್ ಹತ್ತಿ ಅಟ್ಟದಿಂದ ಒಂದು ಬಟ್ಟೆ ಚೀಲ ಇಳಿಸಿದ. ತುಂಬ ಹಾರ್ಡ್ ಡಿಸ್ಕುಗಳು, ಎಷ್ಟೋ ಡಿಸ್ಕುಗಳ ಮೇಲಿನ ಹೆಸರಿನ ಚೀಟಿ ಉದುರಿಹೋಗಿತ್ತು. ಒಂದೊಂದೇ ಹಚ್ಚಿ ನೋಡಿದೆವು. ಕಡೆಗೊಂದರಲ್ಲಿ ಟೀಚರ ಹೆಸರಿನ ಬ್ಯಾಕಪ್ಪು ಸಿಕ್ಕಿತು, ಒಂದೇ ಫೈಲಾಗಿ ಅಲ್ಲ, ತುಂಡು ತುಂಡಾಗಿ.

“ಇದು ಮೊದಲ್ನೇ ಬಿಲ್ಡು ಮೇಡಂ, ಮೊದಲ್ನೇ ಸಲ ಕಟ್ಟಿದ ದನಿ. ಆಮೇಲೆ ಇನ್ನೊಂದು ಚೆನ್ನಾಗಿರೋದು ಮಾಡಿದ್ವಿ, ಅದು ಅವರ ಮಷೀನಲ್ಲಿ ಮಾತ್ರ ಇತ್ತು,” ಎಂದ. “ಆ ಟೀಚರು ನಂಗೆ ಚೆನ್ನಾಗಿ ನೆನಪಿದ್ದಾರೆ. ನಾನು ಗೂನು ಹಾಕ್ಕೊಂಡು ಕೂತಿದ್ರೆ ಗಾಜಿನ ಆ ಕಡೆಯಿಂದ ಮೈಕಲ್ಲೇ ಬೈಯೋರು, ನೆಟ್ಟಗೆ ಕೂತ್ಕೊಳೋ ಅಂತ.”

ಮೂಲ ಡಿಸ್ಕನ್ನು ಮುಟ್ಟದೆ, ಮೊದಲು ಎಲ್ಲ ತುಂಡುಗಳನ್ನೂ ನಕಲು ಮಾಡಿಕೊಂಡೆ. ಕೇಂದ್ರಕ್ಕೆ ಬಂದು ಪರೀಕ್ಷೆಗೆ ಹಚ್ಚಿದೆ. ಒಂದೊಂದು ತುಂಡೂ ಸರಿ, ಸರಿ ಎಂದು ಬರುತ್ತಾ ಬಂದು, ಕೊನೆಯ ತುಂಡಿನ ಹತ್ತಿರ ನಿಂತಿತು. ಅದು ಕೆಟ್ಟಿತ್ತು. ಟೂಲು ಇಡೀ ಪ್ಯಾಕೇಜನ್ನೇ ಕೊಡುವುದಿಲ್ಲ ಎಂದಿತು. ಮತ್ತೆ ನಕಲು ಮಾಡಿ ನೋಡಿದೆ, ಅದೇ ಉತ್ತರ. ಎಂಜಿನಿಯರಿಗೆ ಫೋನ್ ಮಾಡಿದರೆ ಬೇರೆ ಪ್ರತಿ ಇಲ್ಲ ಎಂದ.

ತಪ್ಪಿದ್ದರೂ ಮುಂದುವರಿ ಎನ್ನುವ ಒಂದು ಆದೇಶ ಆ ಟೂಲಿನಲ್ಲಿದೆ. ಕೆಟ್ಟ ಫೈಲನ್ನು ಒಳ್ಳೆಯದರ ಜೊತೆ ಬೆರೆಸುವ ಆದೇಶ ಅದು, ಹಾಗಾಗಿ ಯಾರೂ ಅದನ್ನು ಸುಮ್ಮನೆ ಬಳಸುವುದಿಲ್ಲ. ಬೇರೆ ಕಂಪ್ಯೂಟರಿನ ಖಾಲಿ ಫೋಲ್ಡರಿನೊಳಗೆ ಅದನ್ನು ಓಡಿಸಿದೆ. ಸಾವಿರಾರು ಸದ್ದಿನ ಚೂರುಗಳು ಒಂದೊಂದಾಗಿ ಇಳಿದು ಬಂದವು. ಪರೀಕ್ಷೆಗೆಂದು “ಬೆಳಗ್ಗೆ ಬೇಗ ಎದ್ದೆ” ಎಂದು ಓದಿಸಿದೆ. ಬೆ ಎಂದದ್ದು ಟೀಚರೇ. ಅದರ ಬೆನ್ನಿಗೆ ತಗಡು ಗೀರಿದಂಥ ಒಂದು ಕಿರುಚು. ಆಮೇಲೆ ಮತ್ತೆ ಟೀಚರು, ಆರಾಮಾಗಿ, ಗ್ಗೆ ಬೇಗ ಎದ್ದೆ ಎಂದರು. ಆ ಕಿರುಚು ಕೇಳಿ ಪಕ್ಕದ ಕೋಣೆಯವರು ಬಂದು ಏನಾಯಿತೆಂದು ವಿಚಾರಿಸಿದರು. ಇದನ್ನು ಆ ಮನೆಗೆ ಒಯ್ಯುವಂತಿರಲಿಲ್ಲ.

ಹಗಲೆಲ್ಲ ಇಯರ್‌ಫೋನ್ ಹಾಕಿಕೊಂಡು ಕೂತೆ. ಅ ಇಂದ ಶುರುಮಾಡಿ ಪ್ರತಿ ಅಕ್ಷರದ ಚೂರುಗಳನ್ನೂ ಪರೀಕ್ಷಿಸಿ, ಕೆಟ್ಟಿದ್ದಕ್ಕೆ ಗುರುತು ಹಾಕಿದೆ. ಚೂರುಗಳನ್ನು ವರ್ಣಮಾಲೆಯ ಕ್ರಮದಲ್ಲೇ ಜೋಡಿಸಿಟ್ಟಿದ್ದರು, ಕೊನೆಯ ತುಂಡು ಕೆಟ್ಟಿತ್ತು. ಹಾಗಾಗಿ ಹೋದದ್ದು ವರ್ಣಮಾಲೆಯ ಕೊನೆ. ಹ ಅಕ್ಷರ ಬಹುಪಾಲು ಬದುಕಿತ್ತು. ಳ ಪೂರ್ತಿ ಹೋಗಿತ್ತು.

ಇನ್ನೊಂದು ತೊಡಕೂ ಇತ್ತು. ಈ ದನಿ ಹಳೆಯ ಬಿಲ್ಡಾದ್ದರಿಂದ ಹಳೆಯ ಎಂಜಿನ್ನನ್ನೇ ಕೇಳುತ್ತಿತ್ತು. ಹಳೆಯ ಎಂಜಿನ್ನು ನಮ್ಮದೇ ಹಿಂದಿನ ತಿಂಗಳುಗಳ ಬ್ಯಾಕಪ್ಪಿನಲ್ಲಿ ಸಿಕ್ಕಿತು. ಅದನ್ನು ಕೂರಿಸುವ ಮುಂಚೆ, ಟೀಚರ ಮನೆಯಲ್ಲಿದ್ದ ಮಷೀನಿಗೆ ಇಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಸೇರಿ, ನಿಜವಾಗಿ ಏನೂ ಮಾಡದೆ, ಮಾಡಿದರೆ ಏನಾಗುತ್ತದೆಂದು ಹೇಳು ಎಂದು ಟೂಲನ್ನು ಕೇಳಿದೆ. ಹೊಸ ಎಂಜಿನ್ನನ್ನು ತೆಗೆಯುತ್ತೇನೆ, ಅದರ ಮೇಲೆ ನಿಂತಿರುವ ಅಕ್ಷರ ಜೋಡಿಸುವ ಪ್ಯಾಕೇಜನ್ನೂ ತೆಗೆಯುತ್ತೇನೆ ಎಂದಿತು. ಎಂದರೆ ಟೀಚರಿಗೆ ದನಿ ಬರುತ್ತದೆ, ಮಾತು ಹೋಗುತ್ತದೆ. ಕೇಳದೆ ಓಡಿಸಿದ್ದರೆ ಅವರ ಕೈಗೆ ಸಿಕ್ಕಿದ್ದ ಅಷ್ಟನ್ನೂ ನಾನೇ ಅಳಿಸಿರುತ್ತಿದ್ದೆ. ಹಳೆಯ ಎಂಜಿನ್ನನ್ನು ಯಾವುದರ ಜೊತೆಗೂ ಸೇರದ ಬೇರೆ ಫೋಲ್ಡರಿನಲ್ಲಿ ಬಿಚ್ಚಿಟ್ಟು, ಟೀಚರ ದನಿಗೆ ಮಾತ್ರ ಅಲ್ಲಿಗೆ ದಾರಿ ಮಾಡಿದೆ. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ.

ಒಂದು ಭಾನುವಾರ ಆ ದನಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಇಟ್ಟಮಡುವಿಗೆ ಹೋದೆ. ಗಂಡ ಮನೆಯಲ್ಲೇ ಇದ್ದರು. ಕಾಫಿ ಕೊಟ್ಟರು, ಮುಖ ಕೊಟ್ಟು ಮಾತಾಡಲಿಲ್ಲ. ಅಷ್ಟು ದಿನದಲ್ಲಿ ಟೀಚರ ಕೆನ್ನೆ ಇನ್ನೂ ಒಳಗೆ ಹೋಗಿತ್ತು. ಉಸಿರಿಗೊಮ್ಮೆ ಹೆಗಲು ಮೇಲೇಳುತ್ತಿತ್ತು.

“ಟೀಚರ್, ನಿಮ್ಮ ದನಿ ಸಿಕ್ಕಿದೆ. ಆದ್ರೆ ಳ ಇಲ್ಲ. ಳ ಬಂದ ಕಡೆ ಈ ಬೇರೆ ದನಿ ಸೇರಿಸ್ಲಾ, ಇಲ್ಲಾ ಖಾಲಿ ಬಿಡ್ಲಾ?”

“ಖಾಲಿ ಬಿಡು,” ಎಂದರು.

ದನಿ ಬದಲಿಸಿದೆ. ಅವರು ಸುಮಾರು ಹೊತ್ತು ಟೈಪ್ ಮಾಡಿದರು. ಗಂಡ ಬಾಗಿಲ ಚೌಕಟ್ಟಿಗೆ ಒರಗಿ ಹೊರಗೆ ರಸ್ತೆ ನೋಡುತ್ತಿದ್ದರು.

“ರೀ. ಬಂದು ಇಲ್ಲಿ ಕೂತ್ಕೊ.”

ಕೂತ್ಕೊಳ್ಳಿ ಎಂದು ಟೈಪ್ ಮಾಡಿದ್ದರು. ಕೊನೆಯದು ಖಾಲಿಯಾಗಿ, ಗೌರವ ಹೋಗಿ, ಏಕವಚನ ಉಳಿಯಿತು. ಅವರು ಗಕ್ಕನೆ ತಿರುಗಿದರು. ಅವರ ಮುಖ ನೋಡಲಾಗಲಿಲ್ಲ ನನಗೆ. ನಾನು ಮಷೀನಿನ ಹಿಂದಿನ ವೈರುಗಳನ್ನು ನೋಡುತ್ತ ನಿಂತೆ.

“ಏನಂದೆ?” ಎಂದರು. ನಗಲು ಹೋಗಿ ಆಗದ ದನಿ. “ಇಷ್ಟು ವರ್ಷಕ್ಕೆ ಈಗ ಏಕವಚನ ಶುರು ಮಾಡಿದ್ಯಾ?”

ಮಂಚದ ತುದಿಗೆ ಬಂದು ಕೂತರು. ಟೀಚರು ಮತ್ತೆ ಟೈಪ್ ಮಾಡಿದರು. ನಡುವೆ ಉಸಿರಿಗೆ ನಿಲ್ಲಿಸಿದರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು.

“ನಂಗೆ ಪೈಪು ಬೇಡ. ನಿಮಗೆ ಕಷ್ಟ ಅಂತ ಅಲ್ಲ. ನಂಗೆ ಸಾಕಾಗಿದೆ.”

“ನಾನಿದೀನಲ್ಲೇ. ನೋಡ್ತೀನಲ್ಲ ನಿನ್ನ.”

“ನೋಡಿದ್ರಿ. ಯಾರೂ ಇಷ್ಟು ನೋಡಲ್ಲ. ಇನ್ನು ಬಿಡಿ.”

ಅವರು ಹಾಸಿಗೆಯ ಮೇಲಿದ್ದ ಟೀಚರ ಕೈಯನ್ನು ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸತೊಡಗಿದರು. ದಿನಾ ಮಾಡಿಸುತ್ತಿದ್ದ ವ್ಯಾಯಾಮ ಅದು. ಬಹಳ ಹೊತ್ತು ಅದನ್ನೇ ಮಾಡಿದರು.

“ಡಾಕ್ಟ್ರು ಕೇಳಿದಾಗ ನಾನು ಹೂಂ ಅಂದ್ಬಿಟ್ಟೆ,” ಎಂದರು ತಲೆ ಎತ್ತದೆ. “ನೀನು ಕಣ್ಣು ಮುಚ್ಚಿದ್ದು ನೋಡಿದೆ. ನಿದ್ದೆ ಬಂತು ಅಂದ್ಕೊಂಡೆ. ಹಂಗೇ ಅಂದ್ಕೊಬೇಕು ಅನ್ಸ್ತು.”

“ಗೊತ್ತು,” ಎಂದರು ಟೀಚರು. “ನಾಳೆ” ಎಂದು ಟೈಪ್ ಮಾಡಲು ಹೋಗಿ, ಅಲ್ಲಿ ಳ ಇದೆಯೆಂದು ನೆನಪಾಗಿ ಅಳಿಸಿದ್ದು ಪರದೆಯಲ್ಲಿ ಕಂಡಿತು. “ಸೋಮವಾರ ಡಾಕ್ಟರಿಗೆ ಫೋನ್ ಮಾಡಿ ಬೇಡ ಅನ್ನಿ. ನೀವೇ ಅನ್ನಿ.”

“ಸರಿ ಕಣೇ,” ಎಂದರು ಅವರು.

ನಾನು ಬ್ಯಾಗು ಎತ್ತಿಕೊಂಡು ಹೊರಗೆ ಬಂದೆ. ಯಾರೂ ಬೀಳ್ಕೊಡಲು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ರಸ್ತೆ ತುದಿಯ ಬಸ್‌ಸ್ಟಾಪಿನಲ್ಲಿ ಕೂತೆ. ನಾನು ಜೋಡಿಸಿದ್ದು ಒಬ್ಬರ ದನಿ. ಅದು ಮೊದಲು ಮಾಡಿದ ಕೆಲಸ ಸಾವಿಗೆ ದಾರಿ ಬಿಡಿಸಿದ್ದು. ಅದು ತಪ್ಪೆಂದು ನನಗೆ ಅವತ್ತೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಸಮಾಧಾನವೂ ಆಗಲಿಲ್ಲ. ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ.

ಆಮೇಲೆ ಟೀಚರು ಕೆಲವು ವಾರ ಇದ್ದರು. ಡಾಕ್ಟರು ಮನೆಗೇ ಬಂದು, ಉಸಿರಿನ ಸಂಕಟ ತಿಳಿಯದ ಹಾಗೆ ಔಷಧಿ ಕೊಡುತ್ತಿದ್ದರು. ಒಂದೆರಡು ಸಲ ಮಷೀನು ನೋಡಲು ಹೋದೆ. ಳ ಇಲ್ಲದ ಕನ್ನಡವನ್ನು ಟೀಚರು ತಾವೇ ಕಟ್ಟಿಕೊಂಡಿದ್ದರು. ಹೇಳು ಎನ್ನುವ ಕಡೆ ಅನ್ನು, ಬೆಳಗ್ಗೆ ಎನ್ನುವ ಕಡೆ ಮುಂಜಾನೆ. ಬಾಳೆಹಣ್ಣಿಗೆ ಮಾತ್ರ ಅವರಿಗೆ ಬೇರೆ ಪದ ಸಿಗಲಿಲ್ಲ. ಒಂದು ದಿನ ಹೋದಾಗ, ಬೆನ್ನು ನೋವೆಂದು ಗೊಣಗುತ್ತಿದ್ದ ಅಕ್ಕನನ್ನು ಮಂಚದ ಮುಂದೆ ನಿಲ್ಲಿಸಿ, ಒನ್ ಟೂ ತ್ರೀ ಫೋರ್ ಎಂದು ಬಗ್ಗಿಸುತ್ತಿದ್ದರು. ಅಕ್ಕ ಬೆವರುತ್ತಿದ್ದರು. “ಮೊಣಕಾಲು ಮಡಿಸಬೇಡ,” ಎಂದು ಮಷೀನು ಗದರಿತು. ಆ ದಿನದ ಬಳಿಕ ನಾನು ಅವರ ಮಾತು ಕೇಳಲಿಲ್ಲ. ಮನೆಯಲ್ಲೇ ಹೋದರು. ಆಂಬುಲೆನ್ಸ್ ಯಾರೂ ಕರೆಯಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಗಂಡ ಸ್ಪೇರ್ ಮಷೀನು ವಾಪಸ್ ಕೊಡಲು ಕೇಂದ್ರಕ್ಕೆ ಬಂದರು. ತಲೆ ಬೋಳಿಸಿದ್ದು ಆಗಷ್ಟೇ ಚಿಗುರಿತ್ತು. ಟೀಚರ ದನಿ ಬೇಕೆಂದು ಅವರು ಕೇಳುತ್ತಾರೆಂದೇ ನಾನು ಕಾದಿದ್ದೆ. ಕೇಳದಿದ್ದಾಗ ನಾನೇ ಹೇಳಿದೆ.

“ಟೀಚರ ದನಿಯ ಪ್ಯಾಕೇಜು ನಿಮ್ಮದೇ ಸಾರ್. ನಿಮ್ಮ ಮನೆ ಕಂಪ್ಯೂಟರಲ್ಲಿ ಹಾಕ್ಕೊಡ್ತೀನಿ. ಯಾವಾಗ ಬೇಕಾದ್ರೂ ಕೇಳಬಹುದು.”

“ಬೇಡ ಮೇಡಂ,” ಎಂದರು.

“ಈಗ ಬೇಡ ಅನ್ಸಬಹುದು. ಮುಂದೆ ಯಾವಾಗಾದ್ರೂ...”

“ಅದಲ್ಲ.” ಅವರು ಕುರ್ಚಿ ಎಳೆದುಕೊಂಡು ಕೂತರು. “ಮನೇಲಿದ್ರೆ ನಾನೇ ಏನಾದ್ರೂ ಟೈಪ್ ಮಾಡ್ಬಿಡ್ತೀನಿ. ಪೈಪು ಬೇಕು ಅಂತ ಅವಳ ಬಾಯಲ್ಲೇ ಹೇಳಿಸ್ಕೊಂಡು ಕೇಳ್ತಾ ಕೂತ್ಬಿಡ್ತೀನಿ. ನಂಗೆ ನನ್ ಮೇಲೆ ನಂಬಿಕೆ ಇಲ್ಲ. ಒಂದ್ಸಲ ಮಾಡಿದೀನಲ್ಲ. ತೆಗ್ದುಬಿಡಿ. ಎಲ್ಲಾ ಕಡೆ ಇರೋದೂ.”

ಅವರ ಎದುರಿಗೇ ಎಂಜಿನಿಯರಿಗೆ ಫೋನ್ ಮಾಡಿದೆ. ಅವನು ಸಂಜೆಯೊಳಗೆ ತನ್ನ ಡಿಸ್ಕಿನಲ್ಲಿರುವುದನ್ನೂ ಅಳಿಸುತ್ತೇನೆ ಎಂದ. ನಮ್ಮ ಸರ್ವರಿನಲ್ಲೂ ಪರೀಕ್ಷೆ ಮಾಡಿದ ಕಂಪ್ಯೂಟರಿನಲ್ಲೂ ಇದ್ದ ನಕಲುಗಳನ್ನು ನಾನು ತೆಗೆದೆ. ಉಳಿದದ್ದು ಮಷೀನಿನಲ್ಲಿದ್ದದ್ದು. ಆದೇಶ ಟೈಪ್ ಮಾಡಿದೆ. ತೆಗೆಯಬೇಕಾದ ಪ್ಯಾಕೇಜು ಇದು, ಮುಂದುವರಿಯಲೇ ಎಂದು ಟೂಲು ಕೇಳಿತು.

“ನಾನು ಒತ್ತಬಹುದಾ?” ಎಂದರು.

ಕೀಬೋರ್ಡು ಅವರ ಕಡೆ ಸರಿಸಿ, ಯಾವ ಅಕ್ಷರ ಎಂದು ತೋರಿಸಿದೆ. ಕನ್ನಡಕ ಹಾಕಿಕೊಂಡು ಪರದೆಯ ಮೇಲಿನ ಹೆಸರನ್ನು ನಿಧಾನವಾಗಿ ಓದಿದರು, ತುಟಿ ಅಲ್ಲಾಡಿಸುತ್ತ. ಆಮೇಲೆ ಒಂದೇ ಬೆರಳಿನಲ್ಲಿ ಒತ್ತಿದರು.

“ಆಯ್ತಾ?”

ಪರದೆಯ ಮೇಲೆ ಏನೂ ಬರಲಿಲ್ಲ. ತೆಗೆಯುವ ಕೆಲಸ ಸರಿಯಾಗಿ ಮುಗಿದರೆ ಆ ಟೂಲು ಏನೂ ಹೇಳುವುದಿಲ್ಲ.

“ಆಯ್ತು,” ಎಂದೆ.